ಗೋಡೆಯ ಮರೆಯಲ್ಲಿದ್ದರೂ ಗುಂಡು ತಗಲಿದ್ದು ಹೇಗೆ?

ಬಿಜಿಎಂಐ, ವ್ಯಾಲರಂಟ್ ಆಡುವ ಹುಡುಗರಿರುವ ಮನೆಯಲ್ಲಿ ರಾತ್ರಿ ಊಟವಾದ ಮೇಲೆ ಈ ಕೂಗು ಕೇಳದೇ ಇರುವುದಿಲ್ಲ: ‘ಗೋಡೆ ಹಿಂದೆ ಬಂದ್ಬಿಟ್ಟಿದ್ದೆ ಕಣೋ, ಆದ್ರೂ ಹೊಡ್ದ!’ ಹೆಡ್‌ಫೋನಿನ ಆ ಕಡೆಯಿಂದ ಗೆಳೆಯನ ತೀರ್ಪು ಬರುತ್ತದೆ: ‘ನೆಟ್ ಸರಿ ಇಲ್ಲ ಮಗಾ, ನಿನ್ ಪಿಂಗ್ ನೋಡು.’ ಹೊಡೆದವನು ಮೋಸ ಮಾಡಿಲ್ಲ, ಸತ್ತವನು ಸುಳ್ಳು ಹೇಳುತ್ತಿಲ್ಲ. ಸತ್ತವನ ಪರದೆಯ ಮೇಲೆ ಅವನು ನಿಜಕ್ಕೂ ಗೋಡೆಯ ಮರೆಗೆ ಸರಿದಾಗಿತ್ತು. ಎದುರಾಳಿಯ ಪರದೆಯ ಮೇಲೆ ಮಾತ್ರ ಇನ್ನೂ ಬಯಲಲ್ಲೇ ಇದ್ದ. ಇಬ್ಬರೂ ನೋಡುತ್ತಿದ್ದುದು ಒಂದೇ ಆಟವನ್ನು, ಆದರೆ ಬೇರೆ ಬೇರೆ ಗಳಿಗೆಯ ಆಟವನ್ನು.

ಆನ್‌ಲೈನ್ ಆ್ಯಕ್ಷನ್ ಆಟಗಳಲ್ಲಿ ಅಸಲಿ ಆಟ ನಡೆಯುವುದು ನಮ್ಮ ಫೋನಿನಲ್ಲೂ ಅಲ್ಲ, ಕಂಪ್ಯೂಟರಿನಲ್ಲೂ ಅಲ್ಲ, ದೂರದ ಸರ್ವರಿನಲ್ಲಿ. ಯಾರು ಎಲ್ಲಿದ್ದಾರೆ, ಯಾರಿಗೆ ಗುಂಡು ತಗಲಿತು ಎಂಬುದರಲ್ಲಿ ಅದರದ್ದೇ ಕೊನೆಯ ಮಾತು. ನಾವು ಕಳಿಸುವುದು ‘ಮುಂದಕ್ಕೆ ಒತ್ತಿದ್ದೇನೆ, ಗುಂಡಿ ಅದುಮಿದ್ದೇನೆ’ ಎಂಬ ಪುಟ್ಟ ವರದಿಗಳನ್ನಷ್ಟೇ. ಆಟಗಾರರ ಯಂತ್ರಗಳಿಗೇ ತೀರ್ಪಿನ ಅಧಿಕಾರ ಕೊಟ್ಟರೆ ಪ್ರೋಗ್ರಾಮನ್ನು ತಿದ್ದಿಕೊಂಡವನೇ ಪ್ರತಿಸಲ ಗೆಲ್ಲುತ್ತಾನೆ. ವರದಿ ಹೋಗಿ ಉತ್ತರ ಬರಲು ಹಿಡಿಯುವ ಹೊತ್ತೇ ಪಿಂಗ್. ಅದನ್ನು ಮಿಲಿಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ಸಾವಿರದಲ್ಲೊಂದು ಪಾಲಿನ ಲೆಕ್ಕದಲ್ಲಿ, ಅಳೆಯುತ್ತಾರೆ.

‘ನಮ್ಮದು 200 ಎಂಬಿಪಿಎಸ್ ಪ್ಲಾನ್, ಲ್ಯಾಗ್ ಯಾಕೆ ಬರುತ್ತೆ?’ ಎಂದು ಕೇಳುವವರುಂಟು. ಎಂಟು ಪಥದ ಹೆದ್ದಾರಿ ಹಾಕಿದರೆ ಹೆಚ್ಚು ಲಾರಿ ಓಡಿಯಾವು, ಹುಬ್ಬಳ್ಳಿಯೇನೂ ಬೆಂಗಳೂರಿನ ಹತ್ತಿರಕ್ಕೆ ಬರುವುದಿಲ್ಲ. ಆಟಕ್ಕೆ ಬೇಕಾದ ಮಾಹಿತಿಯೋ ತೀರಾ ಅಲ್ಪ, ವಿಡಿಯೊ ನೋಡಲು ಬೇಕಾಗುವುದರ ಒಂದು ಚೂರು. ಅದಕ್ಕೆ ಬೇಕಿರುವುದು ಅಗಲವಲ್ಲ, ಬೇಗ. ನೆಟ್ಟಿನ ಮಾಹಿತಿ ಹೊರುವ ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ, ನಿರ್ವಾತದಲ್ಲಿನ ವೇಗದ ಮೂರನೇ ಎರಡರಷ್ಟು. ಬೆಂಗಳೂರಿನಿಂದ ಮುಂಬೈಗೆ ನೇರ ಎಳೆ ಇದ್ದರೂ ಹೋಗಿಬರಲು 8-9 ಮಿಲಿಸೆಕೆಂಡು ಬೇಕು. ಸಿಂಗಪುರಕ್ಕಾದರೆ ಮೂವತ್ತರ ಮೇಲೆ. ನಿಜವಾದ ಕೇಬಲ್ಲು ಸುತ್ತಿ ಬಳಸಿ ಹೋಗುತ್ತದೆ, ನಡುವೆ ಹತ್ತಾರು ರೂಟರುಗಳು ಸಿಗುತ್ತವೆ, ಹಾಗಾಗಿ ಅಂಕಿ ಇನ್ನೂ ಏರುತ್ತದೆ. ಯಾವ ಕಂಪನಿಗೆ ಎಷ್ಟೇ ದುಡ್ಡು ಸುರಿದರೂ ಬೆಳಕಿನ ಈ ಸುಂಕ ತಪ್ಪಿದ್ದಲ್ಲ.

ತಪ್ಪಿಸಲಾಗದ ಈ ತಡವನ್ನು ಮರೆಮಾಚುವುದೇ ನೆಟ್‌ಕೋಡ್ ಎಂಬ ತಂತ್ರಾಂಶದ ಕೆಲಸ. ನನ್ನ ಮಟ್ಟಿಗೆ ಆಟದ ಚಂದದ ಚಿತ್ರಗಳಿಗಿಂತ ದೊಡ್ಡ ಕೌಶಲ ಇರುವುದು ಅಲ್ಲೇ. 1993ರ ‘ಡೂಮ್’ನಲ್ಲಿ ಎಲ್ಲರ ಯಂತ್ರಗಳೂ ಒಂದಕ್ಕೊಂದು ಕಾಯುತ್ತ ಹೆಜ್ಜೆ ಹಾಕುತ್ತಿದ್ದವು, ಒಬ್ಬನ ನೆಟ್ ನಿಧಾನವಾದರೆ ಎಲ್ಲರ ಆಟವೂ ಕುಂಟುತ್ತಿತ್ತು. 1996ರಲ್ಲಿ ಬಂದ ‘ಕ್ವೇಕ್’ ಸರ್ವರಿನ ಪದ್ಧತಿಗೆ ಹೊರಳಿತು. ಒಂದೇ ಕೋಣೆಯ ಕಂಪ್ಯೂಟರುಗಳ ನಡುವೆ ಅದು ಸೊಗಸಾಗಿ ಓಡಿತು. ಟೆಲಿಫೋನ್ ಮೊಡೆಮ್ ಇದ್ದವರ ಪಾಡು ಬೇರೆ. ಅವರು ಕೀಲಿ ಒತ್ತಿದರೆ ವರದಿ ಸರ್ವರಿಗೆ ಹೋಗಿ ಬರುವ ತನಕ ಅವರ ಪಾತ್ರ ಕದಲುತ್ತಿರಲಿಲ್ಲ. ಕಾಲು ಸೆಕೆಂಡಿನ ತಡ ಎಂದರೆ ಮಂಜುಗಡ್ಡೆಯ ಮೇಲೆ ಓಡಿದ ಅನುಭವ. ‘ಕ್ವೇಕ್’ನ ಪ್ರೋಗ್ರಾಂ ಬರೆದ ಜಾನ್ ಕಾರ್ಮ್ಯಾಕ್ ಅದೇ ವರ್ಷದ ಕೊನೆಗೆ ‘ಕ್ವೇಕ್‌ವರ್ಲ್ಡ್’ ಎಂಬ ಪರಿಷ್ಕೃತ ರೂಪ ತಂದರು. ಅದರ ಉಪಾಯ ಸರಳ: ಉತ್ತರಕ್ಕೆ ಕಾಯಬೇಡ, ಸರ್ವರ್ ಏನನ್ನಬಹುದು ಎಂದು ಊಹಿಸಿ ಈಗಲೇ ನಡೆದುಬಿಡು.

ಈ ಊಹೆ ಹೇಗೆ ನಡೆಯುತ್ತದೆಂದು ಹತ್ತಿರದಿಂದ ನೋಡೋಣ. ನಾವು ಒತ್ತಿದ ಪ್ರತಿ ಆದೇಶಕ್ಕೂ ನಮ್ಮ ಯಂತ್ರ ಒಂದು ಕ್ರಮಸಂಖ್ಯೆ ಹಚ್ಚಿ, ಸರ್ವರಿಗೆ ಕಳಿಸಿ, ಒಂದು ಪ್ರತಿಯನ್ನು ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಜೊತೆಗೆ ನಮ್ಮ ಪಾತ್ರವನ್ನು ಆ ಕೂಡಲೇ ನಡೆಸಿಯೂ ಬಿಡುತ್ತದೆ. ಸ್ವಲ್ಪ ಹೊತ್ತಿಗೆ ಸರ್ವರಿನಿಂದ ಉತ್ತರ ಬರುತ್ತದೆ: ‘412ರವರೆಗಿನ ಆದೇಶ ಮುಗಿಸಿದ್ದೇನೆ, ನೀನು ಇಲ್ಲಿದ್ದೀಯ.’ ಅಷ್ಟರಲ್ಲಿ ನಾವು 418ರಲ್ಲಿರುತ್ತೇವೆ. ಯಂತ್ರ ನಮ್ಮನ್ನು ಸರ್ವರ್ ಹೇಳಿದ ಜಾಗದಲ್ಲಿ ನಿಲ್ಲಿಸಿ, ಬಾಕಿ ಉಳಿದ 413ರಿಂದ 418ರವರೆಗಿನ ಆದೇಶಗಳನ್ನು ಕಣ್ಣೆವೆ ಇಕ್ಕುವುದರೊಳಗೆ ಮತ್ತೆ ಆಡಿಸುತ್ತದೆ. ಲೆಕ್ಕ ತಾಳೆಯಾದರೆ ನಮಗೇನೂ ಗೊತ್ತಾಗುವುದಿಲ್ಲ. ನಡುವೆ ಯಾರೋ ಅಡ್ಡ ನಿಂತಿದ್ದರೆ, ಇಲ್ಲವೇ ನಮ್ಮ ಕೆಲವು ವರದಿಗಳು ದಾರಿಯಲ್ಲೇ ಕಳೆದುಹೋಗಿದ್ದರೆ ತಾಳೆಯಾಗುವುದಿಲ್ಲ. ಆಗ ಮೆಟ್ಟಿಲು ಹತ್ತಿ ಮುಗಿಸಿದವನು ಧಡಕ್ಕನೆ ಕೆಳಗಿನ ಮೆಟ್ಟಿಲಿಗೆ ಬಂದು ನಿಲ್ಲುತ್ತಾನೆ. ಹುಡುಗರು ರಬ್ಬರ್ ಬ್ಯಾಂಡ್ ಎನ್ನುವುದು ಇದನ್ನೇ.

ನಮ್ಮ ಚಲನೆಯನ್ನೇನೋ ಊಹಿಸಬಹುದು, ಕೀಲಿ ನಮ್ಮ ಕೈಯಲ್ಲೇ ಇದೆ. ಎದುರಾಳಿ ಎತ್ತ ತಿರುಗುತ್ತಾನೋ ಯಾರಿಗೆ ಗೊತ್ತು? ಅವನ ಬಗ್ಗೆ ಯಂತ್ರ ಊಹೆಗೆ ಹೋಗದೆ ಹಳೆಯದನ್ನೇ ತೋರಿಸುತ್ತದೆ. ಯಾರು ಎಲ್ಲಿದ್ದಾರೆಂದು ಸರ್ವರಿನಿಂದ ಬಂದ ಎರಡು ಚಿತ್ರಗಳನ್ನು ಕೈಯಲ್ಲಿಟ್ಟುಕೊಂಡು, ಒಂದರಿಂದ ಇನ್ನೊಂದಕ್ಕೆ ಅವನನ್ನು ನುಣುಪಾಗಿ ಸರಿಸುತ್ತದೆ. ಸೆಕೆಂಡಿಗೆ 20 ಚಿತ್ರ ಬರುತ್ತಿದ್ದ ‘ಹಾಫ್-ಲೈಫ್’ ಕಾಲದಲ್ಲಿ ಇದಕ್ಕೆಂದೇ 100 ಮಿಲಿಸೆಕೆಂಡು ಹಿಂದೆ ಉಳಿಯುತ್ತಿದ್ದರು. ಈಗಿನ ವ್ಯಾಲರಂಟ್ ಸರ್ವರ್ ಸೆಕೆಂಡಿಗೆ 128 ಸಲ ಮಿಡಿಯುವುದರಿಂದ ಅಂತರ ಬಹಳ ಕುಗ್ಗಿದೆ, ಸೊನ್ನೆಯಾಗಿಲ್ಲ. ಒಟ್ಟಿನಲ್ಲಿ ಪ್ರತಿ ಆಟಗಾರನ ಪರದೆಯ ಮೇಲೂ ತಾನು ಸರ್ವರಿಗಿಂತ ಮುಂದೆ, ಉಳಿದವರೆಲ್ಲ ಹಿಂದೆ.

ಹಾಗಿದ್ದ ಮೇಲೆ ಗುರಿ ಇಡುವುದು ಎಲ್ಲಿಗೆ? ‘ಕ್ವೇಕ್‌ವರ್ಲ್ಡ್’ ಆಡುತ್ತಿದ್ದವರು ತಮ್ಮ ಪಿಂಗಿಗೆ ತಕ್ಕಷ್ಟು ಮುಂದಕ್ಕೆ, ಎದುರಾಳಿ ಇಲ್ಲದ ಖಾಲಿ ಜಾಗಕ್ಕೆ ಗುಂಡು ಹಾರಿಸಬೇಕಿತ್ತು. ವಾಲ್ವ್ ಕಂಪನಿಯ ಯಾನ್ ಬರ್ನಿಯರ್ 2001ರಲ್ಲಿ ವಿವರಿಸಿದ ವಿಧಾನ ಇದಕ್ಕೆ ಮದ್ದು. ಸರ್ವರ್ ಕಳೆದ ಒಂದು ಸೆಕೆಂಡಿನಷ್ಟು ಹೊತ್ತಿನ ಎಲ್ಲರ ಸ್ಥಾನಗಳನ್ನು ನೆನಪಿಟ್ಟುಕೊಂಡಿರುತ್ತದೆ. ಗುಂಡಿನ ವರದಿ ಬಂದೊಡನೆ ಕಾಲವನ್ನು ಹಿಂದಕ್ಕೆ ತಿರುಗಿಸಿ, ಹೊಡೆದವನಿಗೆ ಆಗ ಕಂಡ ದೃಶ್ಯವನ್ನೇ ಮತ್ತೆ ಜೋಡಿಸಿ, ‘ಅವನ ಕಣ್ಣಿಗೆ ಇದು ತಗಲಿತ್ತೇ?’ ಎಂದು ನೋಡುತ್ತದೆ. ತಗಲಿತ್ತು ಎಂದಾದರೆ ತಗಲಿತು.

ಈಗ ಗೋಡೆಯ ಹುಡುಗನ ಲೆಕ್ಕ ಹಾಕೋಣ. ಅವನ ಪಿಂಗ್ 60, ಹೊಡೆದವನದು 100, ಚಿತ್ರ ನುಣುಪಾಗಿಸುವ ತಡ ಹಳೆಯ ಕಾಲದ 100 ಎಂದಿಟ್ಟುಕೊಳ್ಳಿ. ಅವನು ಬಯಲಲ್ಲಿ ಕಾಲಿಟ್ಟ ಸುದ್ದಿ ಸರ್ವರಿಗೆ ತಲುಪಲು 30. ಅಲ್ಲಿಂದ ಹೊಡೆಯುವವನ ಪರದೆಗೆ ಬಂದು ಕಾಣಿಸಿಕೊಳ್ಳಲು 150. ಆ ಕ್ಷಣವೇ ಹಾರಿದ ಗುಂಡಿನ ವರದಿ ಸರ್ವರಿಗೆ ಸೇರಲು 50. ‘ಸತ್ತೆ’ ಎಂಬ ಸುದ್ದಿ ಗೋಡೆಯ ಹುಡುಗನಿಗೆ ಮುಟ್ಟಲು ಮತ್ತೆ 30. ಒಟ್ಟು 260 ಮಿಲಿಸೆಕೆಂಡು. ಸೆಕೆಂಡಿಗೆ 5 ಮೀಟರ್ ಓಡುವವನು ಅಷ್ಟರಲ್ಲಿ 1.3 ಮೀಟರ್ ದಾಟಿರುತ್ತಾನೆ, ಗೋಡೆಯ ಮರೆ ಸೇರಲು ಅದು ಧಾರಾಳ ಸಾಕು. ಹೊಡೆದವನ ಪಿಂಗ್ 200 ಆಗಿದ್ದರೆ ಇನ್ನೂ ಅರ್ಧ ಮೀಟರ್ ಸೇರಿಸಿ. ಅಂದರೆ ಗೋಡೆಯ ಹಿಂದೆ ಸತ್ತವನು ಬಯ್ಯಬೇಕಾದದ್ದು ಕೆಲವೊಮ್ಮೆ ತನ್ನ ನೆಟ್ಟನ್ನಲ್ಲ, ಹೊಡೆದವನ ನೆಟ್ಟನ್ನು!

ಇದು ಅನ್ಯಾಯವೆನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಸರಿಯಾಗಿ ಗುರಿಯಿಟ್ಟು ಹೊಡೆದ ಗುಂಡು ಸುಮ್ಮನೆ ಮಾಯವಾದರೆ ಆಡುವವನಿಗೆ ಕೈಯ ಮೇಲಿನ ನಂಬಿಕೆಯೇ ಹೋಗುತ್ತದೆ; ಗೋಡೆಯ ಹಿಂದೆ ಆಗೊಮ್ಮೆ ಈಗೊಮ್ಮೆ ಸಾಯುವುದು ಅದಕ್ಕಿಂತ ಸಹ್ಯ. ಕಾಲ ಹಿಂದಕ್ಕೆ ತಿರುಗಿಸಲು ಒಂದು ಮಿತಿಯನ್ನಂತೂ ಹಾಕಲೇಬೇಕು. ಇಲ್ಲದಿದ್ದರೆ ಬೇಕೆಂದೇ ನೆಟ್ ನಿಧಾನ ಮಾಡಿಕೊಂಡು ಆಡುವ ಘಾಟಿಗಳು ಹುಟ್ಟಿಕೊಳ್ಳುತ್ತಾರೆ.

ಪಿಂಗ್ ಹೆಚ್ಚಿದ್ದರೂ ಒಂದೇ ಸಮ ಇದ್ದರೆ ನೆಟ್‌ಕೋಡ್ ಹೇಗೋ ಸಂಭಾಳಿಸುತ್ತದೆ. ಅದು ಸೋಲುವುದು ಪಿಂಗ್ ಈಗ 40, ಮರುಕ್ಷಣ 300 ಎಂದು ಕುಣಿಯತೊಡಗಿದಾಗ. ಇಂಥ ಕುಣಿತದ ಮೂಲ ಬಹಳ ಸಲ ಸಮುದ್ರದಡಿಯ ಕೇಬಲ್ಲಿನಲ್ಲಿಲ್ಲ, ಮನೆಯೊಳಗೇ ಇರುತ್ತದೆ. ಅಮ್ಮನ ಫೋನು ಮದುವೆ ಫೋಟೊಗಳನ್ನು ಕ್ಲೌಡಿಗೆ ಏರಿಸುತ್ತಿದೆ ಎನ್ನಿ. ರೂಟರು ಯಾವ ಪ್ಯಾಕೆಟ್ಟನ್ನೂ, ಅಂದರೆ ಮಾಹಿತಿಯ ತುಣುಕನ್ನೂ, ಬಿಸಾಡದೆ ಉದ್ದದ ಸರದಿಯಲ್ಲಿ ನಿಲ್ಲಿಸುತ್ತದೆ. ಆಟದ ಸಣ್ಣ ಪ್ಯಾಕೆಟ್ಟೂ ಅದೇ ಸರದಿಯ ಬಾಲಕ್ಕೆ ಹೋಗಿ ನಿಲ್ಲುತ್ತದೆ. ಅಮೆರಿಕದ ಜಿಮ್ ಗೆಟಿಸ್ 2010ರ ಸುಮಾರಿಗೆ ತಮ್ಮ ಮನೆಯ ಸಂಪರ್ಕದಲ್ಲೇ ಇದನ್ನು ಪತ್ತೆಮಾಡಿ ಬಫರ್‌ಬ್ಲೋಟ್ ಎಂದು ಕರೆದರು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ಸೂಚಿಸಿದ ಪರಿಹಾರ ‘ಕೋಡೆಲ್’, ಸರದಿ ಎಷ್ಟು ಉದ್ದ ಎಂದು ಎಣಿಸುವುದಿಲ್ಲ. ಪ್ಯಾಕೆಟ್ಟು ಎಷ್ಟು ಹೊತ್ತು ನಿಂತಿತ್ತು ಎಂದು ನೋಡುತ್ತದೆ. ಕಾಯುವಿಕೆ 5 ಮಿಲಿಸೆಕೆಂಡಿನ ಮೇಲೇ ಉಳಿದುಬಿಟ್ಟರೆ ಕೆಲವನ್ನು ಎಸೆಯುತ್ತದೆ. ಪ್ಯಾಕೆಟ್ಟು ಕಳೆದದ್ದು ತಿಳಿದು ಫೋಟೊ ಕಳಿಸುವ ಫೋನು ತಾನಾಗಿ ವೇಗ ತಗ್ಗಿಸುತ್ತದೆ.

ತಡ ಎಲ್ಲಿ ಹುಟ್ಟುತ್ತಿದೆ ಎಂದು ನೋಡುವುದು ಕಷ್ಟವಿಲ್ಲ. ಮೊದಲು ಕಂಪ್ಯೂಟರಿನಿಂದ ಸ್ವಂತ ರೂಟರಿಗೇ ಪಿಂಗ್ ಮಾಡಿ. ಅದೇ ಏರಿಳಿಯುತ್ತಿದ್ದರೆ ವೈಫೈ ದೋಷ; ಅಕ್ಕಪಕ್ಕದ ಮನೆಗಳ ರೂಟರುಗಳೋ, ಅಡುಗೆಮನೆಯ ಮೈಕ್ರೋವೇವ್ ಒಲೆಯೋ ಅದೇ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಗದ್ದಲ ಎಬ್ಬಿಸುತ್ತಿರಬಹುದು. ಹತ್ತು ಮೀಟರ್ ಲ್ಯಾನ್ ಕೇಬಲ್ ಎಳೆದರೆ ಅಲ್ಲಿಗೆ ಮುಗಿಯಿತು. ರೂಟರಿನವರೆಗೆ ಚೆನ್ನಾಗಿದ್ದು, ಮನೆಯಲ್ಲಿ ಯಾರಾದರೂ ದೊಡ್ಡ ಫೈಲ್ ಏರಿಸುವಾಗ ಮಾತ್ರ ಹೊರಗಿನ ಪಿಂಗ್ ಜಿಗಿದರೆ ಬಫರ್‌ಬ್ಲೋಟ್. ರೂಟರಿನ ಸೆಟ್ಟಿಂಗಿನಲ್ಲಿ ಸರದಿಯನ್ನು ಹತೋಟಿಯಲ್ಲಿಡುವ ಎಸ್‌ಕ್ಯೂಎಂ ಎಂಬುದಿದ್ದರೆ ಚಾಲೂ ಮಾಡಿ. ಎರಡೂ ಸರಿಯಿದ್ದು ಆಟದೊಳಗಿನ ಪಿಂಗ್ ಮಾತ್ರ ಮೂರಂಕಿ ದಾಟಿದ್ದರೆ, ಆಟ ನಿಮ್ಮನ್ನು ಯಾವ ದೇಶದ ಸರ್ವರಿಗೆ ಸೇರಿಸಿದೆ ಎಂದು ನೋಡಿ.