ಅನಾತೋಲಿಯಾದ ಮಟ್ಟುಗಳಿಗೆ ಕೊಳಲು–ಹಾರ್ಪ್‌ ಜೋಡಿ

ಕೊಳಲು ಮತ್ತು ಹಾರ್ಪ್‌ ಒಟ್ಟಿಗೆ ನುಡಿದರೆ ಕಿವಿಗೆ ತಂಪು, ಅದಕ್ಕಿಂತ ಹೆಚ್ಚೇನೂ ಇಲ್ಲ ಎಂಬ ಅಭಿಪ್ರಾಯ ಪಾಶ್ಚಾತ್ಯ ಸಂಗೀತದ ಕೇಳುಗರಲ್ಲಿ ಇಂದಿಗೂ ಇದೆ. ಅದಕ್ಕೆ ಕಾರಣವೂ ಇಲ್ಲದಿಲ್ಲ. 1778ರಲ್ಲಿ ಪ್ಯಾರಿಸ್‌ನಲ್ಲಿದ್ದ ಮೊಜಾರ್ಟ್‌ ಈ ಎರಡು ವಾದ್ಯಗಳಿಗಾಗಿ ಕಾನ್ಸರ್ಟೊ ಬರೆದದ್ದು ಕೊಳಲು ನುಡಿಸುತ್ತಿದ್ದ ಒಬ್ಬ ಡ್ಯೂಕ್‌ ಮತ್ತು ಹಾರ್ಪ್‌ ಕಲಿತಿದ್ದ ಅವನ ಮಗಳಿಗೆ. ಸಿರಿವಂತರ ದಿವಾನಖಾನೆಯ ಸಂಗೀತ ಎಂಬ ಹಣೆಪಟ್ಟಿ ಅಂದಿನಿಂದಲೂ ಅಂಟಿಕೊಂಡಿದೆ. ಇಂಥ ಜೋಡಿ ಈಗ ಟರ್ಕಿಯ ಅನಾತೋಲಿಯಾ ಪ್ರದೇಶದ ಹಳ್ಳಿಹಾಡುಗಳನ್ನು, ಸುತ್ತಲಿನ ಅರ್ಮೇನಿಯಾ, ಬಲ್ಗೇರಿಯಾ, ಗ್ರೀಸ್‌, ರೊಮೇನಿಯಾಗಳ ಮಟ್ಟುಗಳನ್ನು ಎತ್ತಿಕೊಂಡಾಗ, ಕುರುಬನ ಹಾಡಿಗೆ ಜರತಾರಿ ಹೊದಿಸಿದಂತಾಗುತ್ತದೆ ಎಂದು ಆಕ್ಷೇಪಿಸುವವರಿದ್ದಾರೆ. ನನ್ನ ಅಭಿಪ್ರಾಯ ಇದಕ್ಕೆ ತದ್ವಿರುದ್ಧ. ಈ ಮಟ್ಟುಗಳು ಕೇಳುವ ಎರಡು ಬೇರೆ ಬೇರೆ ಗುಣಗಳನ್ನು ಈ ಎರಡು ವಾದ್ಯಗಳು ತಮ್ಮಲ್ಲಿ ಹಂಚಿಕೊಳ್ಳುತ್ತವೆ. ಹಾಗಾಗಿ ದೊಡ್ಡ ಆರ್ಕೆಸ್ಟ್ರಾಗಳು ಈ ಹಾಡುಗಳಿಗೆ ಕೊಡಲಾಗದ ನ್ಯಾಯವನ್ನು ಇಬ್ಬರೇ ಕೂತು ನುಡಿಸುವ ಚೇಂಬರ್‌ ಸಂಗೀತ ಕೊಡಬಲ್ಲದು.

ಹಳೆಯ ನಂಟನ್ನು ತೋರಿಸಿ ಈ ವಾದವನ್ನು ಸುಲಭವಾಗಿ ಗೆಲ್ಲಬಹುದು ಎನಿಸುತ್ತದೆ. ಆಟೋಮನ್‌ ಕಾಲದ ವರ್ಣಚಿತ್ರಗಳಲ್ಲಿ ಚೆಂಗ್‌ ಎಂಬ ಹಾರ್ಪ್‌ ಮತ್ತೆ ಮತ್ತೆ ಕಾಣುತ್ತದೆ. ಹದಿನೈದನೆಯ ಶತಮಾನದ ಆರಂಭದಲ್ಲಿ ಅಹ್ಮದ್‌-ಇ ದಾಯಿ ಎಂಬ ಕವಿ ಬರೆದ ‘ಚೆಂಗ್‌ನಾಮೆ’ಯಲ್ಲಿ ವಾದ್ಯದ ರೇಷ್ಮೆ ತಂತಿ, ಮರ, ಜಿಂಕೆಯ ಚರ್ಮ, ಕುದುರೆಯ ಕೂದಲು ಒಂದೊಂದಾಗಿ ತಮ್ಮ ಕಥೆ ಹೇಳಿಕೊಳ್ಳುತ್ತವೆ. ಕೊಳಲಿನ ಕಡೆ ನೋಡಿದರೆ ಮೆವ್ಲೆವಿ ಪಂಥದ ದರ್ವೇಶಿಗಳ ನೇಯ್‌ ಇದೆ, ಕುರಿ ಕಾಯುವವರ ಕವಾಲ್‌ ಇದೆ. ಚೆಂಗ್‌ ಮಾತ್ರ ಹದಿನೇಳನೆಯ ಶತಮಾನ ಮುಗಿಯುವ ಹೊತ್ತಿಗೆ ಬಳಕೆ ತಪ್ಪಿತು. 1990ರ ದಶಕದಲ್ಲಿ ಸಂಗೀತಗಾರ ಫಿಕ್ರೆತ್‌ ಕರಕಾಯಾ ಅದನ್ನು ಮತ್ತೆ ಕಟ್ಟಿದರು. ಇಂದು ಹಾರ್ಪ್‌ ವಾದಕಿ ಶಿರಿನ್‌ ಪಂಜರೋಲು ಪೆಡಲ್‌ ಹಾರ್ಪ್‌ ಜೊತೆಗೆ ಚೆಂಗನ್ನೂ ನುಡಿಸುತ್ತಾರೆ. ಇದೆಲ್ಲ ನಿಜವಾದರೂ ಈ ಆಧಾರ ಸಾಲದು. ಇಂದಿನ ಹಾರ್ಪ್‌ ಚೆಂಗ್‌ನ ಮಗುವಲ್ಲ. ಅದರ ಪೆಡಲ್‌ ವ್ಯವಸ್ಥೆ 1810ರಲ್ಲಿ ಸೆಬಾಸ್ಟಿಯನ್‌ ಎರಾರ್‌ ರೂಪಿಸಿದ್ದು. ಇಂದಿನ ಕೊಳಲಿನ ಕೊಳವೆ, ಕೀಲಿಗಳ ವಿನ್ಯಾಸ 1847ರಲ್ಲಿ ಥಿಯೊಬಾಲ್ಡ್‌ ಬೋಮ್‌ ಕೊಟ್ಟದ್ದು. ಇವು ಕಾರ್ಖಾನೆ ಯುಗದ ಯುರೋಪಿನ ವಾದ್ಯಗಳು. ಇವುಗಳ ಯೋಗ್ಯತೆಯನ್ನು ವಂಶಾವಳಿ ತೆಗೆದು ಅಳೆಯುವುದಕ್ಕಿಂತ ಕೆಲಸ ನೋಡಿ ಅಳೆಯುವುದೇ ಸರಿ.

ಆ ಕೆಲಸ ಯಾವುದು? ಟರ್ಕಿಯ ಜನಪದ ಹಾಡುಗಳಲ್ಲಿ ಎರಡು ದೊಡ್ಡ ಬಗೆಗಳಿವೆ. ‘ಉಜುನ್‌ ಹವಾ’ ತಾಳಕ್ಕೆ ಕಟ್ಟುಬೀಳದೆ, ಎತ್ತರದ ಸ್ವರದಲ್ಲಿ ಶುರುವಾಗಿ ನಿಧಾನವಾಗಿ ಕೆಳಗಿಳಿಯುವ ಹಾಡು. ನಮ್ಮ ಆಲಾಪನೆ ಕೇಳಿದವರಿಗೆ ಇದರ ಒಳಹೊಗುವುದು ಕಷ್ಟವಲ್ಲ. ‘ಕಿರಿಕ್‌ ಹವಾ’ ತಾಳದ ಹಾಡು. ಇದರ ಲೆಕ್ಕ ಹಲವೆಡೆ ಸಮವಲ್ಲ: ಒಂಬತ್ತನ್ನು 2+2+2+3 ಎಂದು ಒಡೆಯುವ ಕುಂಟು ನಡೆ, ಐದು, ಏಳು, ಹತ್ತರ ನಡೆಗಳು. ಮಿಶ್ರ ಛಾಪು, ಖಂಡ ಛಾಪುಗಳಿಗೆ ಒಗ್ಗಿದ ಕರ್ನಾಟಕದ ಕಿವಿ ಇಲ್ಲಿ ತಬ್ಬಿಬ್ಬಾಗುವುದಿಲ್ಲ. ಮೊದಲ ಬಗೆಗೆ ಉಸಿರು ಬೇಕು, ಎರಡನೆಯದಕ್ಕೆ ಮೀಟು ಬೇಕು. ಹಾರ್ಪ್‌ ತಂತಿಯನ್ನು ಮೀಟಿ ಕೈ ತೆಗೆದರೆ ನಾದ ತಾನಾಗಿ ಉಳಿಯುತ್ತದೆ. ಆ ನಾದದ ನೆಲದ ಮೇಲೆ ಕೊಳಲು ತನ್ನಿಷ್ಟದ ಹೊತ್ತು ನಿಲ್ಲಬಹುದು. ತಾಳ ಶುರುವಾದೊಡನೆ ಅದೇ ವಾದಕಿ ಬೆರಳುಗಳನ್ನು ತಂತಿಗಳ ಬುಡಕ್ಕೆ, ನಾದಫಲಕದ ಹತ್ತಿರಕ್ಕೆ ತರುತ್ತಾಳೆ. ಅಲ್ಲಿ ದನಿ ಒಣಗಿ ಗಡುಸಾಗುತ್ತದೆ, ಬಾಲಾಮಾ ಎಂಬ ಹಳ್ಳಿಯ ತಂತಿವಾದ್ಯದ ಮೀಟನ್ನು ನೆನಪಿಸುತ್ತದೆ. ದಪ್ಪ ತಂತಿಗಳು ಡೋಲಿನ ಪೆಟ್ಟು ಕೊಡುತ್ತವೆ.

ಇನ್ನು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪಕ್ಕೆ ಬರೋಣ. ಟರ್ಕಿಯ ಸಂಗೀತದ ಜೀವ ಇರುವುದು ನಮ್ಮ ರಾಗಗಳಂಥ ಮಕಾಮ್‌ಗಳ ಸೂಕ್ಷ್ಮ ಸ್ವರಗಳಲ್ಲಿ. ಹಾರ್ಪ್‌ ಹನ್ನೆರಡು ಸ್ವರಗಳ ಯಂತ್ರ. ಅದರ ಮೇಲೆ ಹಿಜಾಜ್‌ ಎಂಬ ಮಕಾಮ್‌ ನುಡಿಸಿದರೆ ಅದು ಹಿಜಾಜ್‌ ಆಗುವುದೇ? ಹತ್ತಿರದಿಂದ ನೋಡೋಣ. ಹಾರ್ಪಿನ ಬುಡದಲ್ಲಿ ಏಳು ಸ್ವರಗಳಿಗೆ ಏಳು ಪೆಡಲ್‌. ಪ್ರತಿಯೊಂದಕ್ಕೂ ಮೂರು ನೆಲೆ: ಮೇಲಿದ್ದರೆ ಸ್ವರ ಅರ್ಧ ಇಳಿದಿರುತ್ತದೆ, ನಡುವಿನಲ್ಲಿ ಸಹಜ, ಕೆಳಗೆ ಒತ್ತಿದರೆ ಅರ್ಧ ಏರುತ್ತದೆ. ‘ರೆ’ಯನ್ನು ಆಧಾರ ಸ್ವರ ಮಾಡಿಕೊಂಡು ಹಿಜಾಜ್‌ ನುಡಿಸಲು ವಾದಕಿ ಬಲಗಾಲಿನಲ್ಲಿ ‘ಮಿ’ ಪೆಡಲನ್ನು ಮೇಲಕ್ಕೆ ಬಿಟ್ಟು ‘ಫಾ’ ಪೆಡಲನ್ನು ಕೆಳಗೊತ್ತುತ್ತಾಳೆ, ಎಡಗಾಲಿನಲ್ಲಿ ‘ಸಿ’ ಪೆಡಲನ್ನು ಮೇಲಕ್ಕೆ ಬಿಡುತ್ತಾಳೆ. ಉಳಿದ ನಾಲ್ಕು ನಡುವಿನಲ್ಲಿರುತ್ತವೆ. ಈಗ ಮೊದಲ ನಾಲ್ಕು ಸ್ವರ ಕೇಳಿದರೆ, ಸರಳೆ ವರಸೆ ಕಲಿತ ಯಾವ ಮಗುವಾದರೂ ಮಾಯಾಮಾಳವಗೌಳದ ಪೂರ್ವಾಂಗ ಎಂದು ಗುರುತಿಸುತ್ತದೆ. ಆದರೆ ಟರ್ಕಿಯ ಶಾಸ್ತ್ರ ಒಂದು ಪೂರ್ಣ ಸ್ವರಾಂತರವನ್ನು ಒಂಬತ್ತು ಕೋಮಾಗಳಾಗಿ ಭಾಗಿಸುತ್ತದೆ. ಅಲ್ಲಿ ಹಿಜಾಜ್‌ನ ನಡುವಿನ ದೊಡ್ಡ ಜಿಗಿತ 12 ಕೋಮಾ. ಹಾರ್ಪಿನಲ್ಲಿ ಅದು 13ಕ್ಕೂ ಸ್ವಲ್ಪ ಹೆಚ್ಚು. ವ್ಯತ್ಯಾಸ ಚಿಕ್ಕದು, ಆದರೆ ಕಿವಿಗೆ ಗೊತ್ತಾಗುತ್ತದೆ. ಉಶ್ಶಾಕ್‌ನಂಥ ಮಕಾಮ್‌ನಲ್ಲಿ ಎರಡನೆಯ ಸ್ವರ ಹಾರ್ಪಿನ ಯಾವ ಪೆಡಲ್‌ ನೆಲೆಗೂ ಸಿಗದಷ್ಟು ದೂರ ಸರಿದಿರುತ್ತದೆ.

ಆಕ್ಷೇಪ ಅರ್ಧ ನಿಜ, ಅದನ್ನು ಒಪ್ಪಲೇಬೇಕು. ಉಳಿದರ್ಧಕ್ಕೆ ಎರಡು ಉತ್ತರಗಳಿವೆ. ಹಾರ್ಪಿನ ಪ್ರತಿ ತಂತಿಗೂ ಬೇರೆ ಬಿರಡೆ ಇದೆ. ಕಛೇರಿಗೆ ಮುಂಚೆ ಬೇಕಾದ ತಂತಿಯನ್ನು ಎರಡು ಕೋಮಾ ಇಳಿಸಿಕೊಳ್ಳಬಹುದು, ಆ ತಂತಿಯನ್ನು ಉಳಿದ ಹಾಡುಗಳಲ್ಲಿ ತಪ್ಪಿಸುವ ಲೆಕ್ಕಾಚಾರ ಇದ್ದರೆ ಸಾಕು. ಎರಡನೆಯದು ಇನ್ನೂ ಮುಖ್ಯ. ಕೊಳಲು ಬಗ್ಗುತ್ತದೆ. ತುಟಿಯ ಕೋನ ಬದಲಿಸಿ, ರಂಧ್ರದ ಅರ್ಧ ಮುಚ್ಚಿ, ಉಸಿರಿನ ಸದ್ದನ್ನೇ ನೇಯ್‌ನಂತೆ ಕೇಳಿಸಿ ಒಳ್ಳೆಯ ವಾದಕ ಆ ಸೂಕ್ಷ್ಮ ಸ್ವರವನ್ನು ಮುಟ್ಟುತ್ತಾನೆ. ಅಂಥ ಕಡೆ ಹಾರ್ಪ್‌ ಆ ಸ್ವರವನ್ನು ಮುಟ್ಟದೆ ಆಧಾರ ಮತ್ತು ಪಂಚಮಗಳನ್ನಷ್ಟೇ ಹಿಡಿದು ಕೂತರೆ ಜಗಳವೇ ಇಲ್ಲ. ರವಿಶಂಕರ್‌ ಅವರು ಕೊಳಲುವಾದಕ ಜಾನ್‌ ಪಿಯರ್‌ ರಾಂಪಾಲ್‌ಗಾಗಿ ತೋಡಿ ರಾಗದ ಮೇಲೆ ಕೊಳಲು–ಹಾರ್ಪ್‌ ಕೃತಿಯೊಂದನ್ನು ರಚಿಸಿದಾಗಲೂ ಇದೇ ಪ್ರಶ್ನೆ ಎದುರಿತ್ತು. ಬಗ್ಗದ ವಾದ್ಯದ ಪಕ್ಕದಲ್ಲಿ ಬಗ್ಗುವ ವಾದ್ಯವನ್ನು ಕೂರಿಸಿದ್ದರಿಂದಲೇ ಅದು ನಿಂತಿತು ಎಂದು ನನ್ನ ನಂಬಿಕೆ.

ಹಳ್ಳಿಯ ಒಂಟಿ ರಾಗಕ್ಕೆ ಹಾರ್ಪ್‌ ಸ್ವರಗುಚ್ಛಗಳನ್ನು ಸೇರಿಸುವುದೇ ತಪ್ಪು ಎನ್ನುವವರಿಗೆ ಕಪ್ಪು ಸಮುದ್ರದ ತೀರದ ಕೆಮೆಂಚೆ ಕೇಳಿ ಎನ್ನಬೇಕು. ಆ ಪುಟ್ಟ ಪಿಟೀಲಿನಂಥ ವಾದ್ಯದಲ್ಲಿ ಎರಡು ತಂತಿಗಳು ಒಟ್ಟಿಗೆ, ನಾಲ್ಕು ಸ್ವರಗಳ ಅಂತರದಲ್ಲಿ, ಎಂದರೆ ಚತುರ್ಥದಲ್ಲಿ, ಸಾಗುತ್ತವೆ. ಬಾಲಾಮಾವನ್ನು ಬೆರಳಿನಿಂದ ನುಡಿಸುವ ಶೆಲ್ಪೆ ಶೈಲಿಯಲ್ಲೂ ಸ್ವರಗಳು ಜೊತೆಜೊತೆಯಾಗಿ ಏಳುತ್ತವೆ. ಸಂಗೀತಶಾಸ್ತ್ರಜ್ಞ ಕೆಮಾಲ್‌ ಇಲೆರಿಜಿ ಮಕಾಮ್‌ಗಳಿಗೆ ಹೊಂದುವ ಹಾರ್ಮನಿಯನ್ನು ಇಂಥ ಚತುರ್ಥಗಳ ಮೇಲೆಯೇ ಕಟ್ಟಿದರು. ಹಾಳುಮಾಡುವುದು ಯಾವುದು ಗೊತ್ತೆ? ಸಂದರ್ಭವಿರಲಿ ಇಲ್ಲದಿರಲಿ, ಎಲ್ಲ ತಂತಿಗಳ ಮೇಲೂ ಕೈ ಸವರಿ ಹರಿಸುವ ಗ್ಲಿಸಾಂಡೊ. ಈ ಬಗೆಯ ಸಂಗೀತದಲ್ಲಿ ನನಗೆ ಸಹಿಸಲಾಗದ್ದು ಅದೊಂದೇ.

ರಾಜಕೀಯದ ನೆರಳೂ ಇಲ್ಲಿದೆ. 1923ರಲ್ಲಿ ಚಿಂತಕ ಜಿಯಾ ಗೋಕಾಲ್ಪ್‌, ಹಳ್ಳಿಯ ಮಟ್ಟಿಗೆ ಯುರೋಪಿನ ಹಾರ್ಮನಿ ಬೆಸೆದು ರಾಷ್ಟ್ರೀಯ ಸಂಗೀತ ಮಾಡಬೇಕೆಂದರು. 1934ರಲ್ಲಿ ಟರ್ಕಿಯ ರೇಡಿಯೊ ತನ್ನದೇ ಶಾಸ್ತ್ರೀಯ ಸಂಗೀತವನ್ನು ಕೆಲಕಾಲ ನಿಷೇಧಿಸಿತು. ಸರ್ಕಾರದ ಆಜ್ಞೆಯಿಂದ ಹುಟ್ಟಿದ ಬೆರಕೆಯ ಬಗ್ಗೆ ಅಲ್ಲಿನವರಿಗೆ ಸಂಶಯವಿರುವುದು ನ್ಯಾಯವೇ. ಆದರೆ ಮಟ್ಟುಗಳಿಗೆ ಗಡಿಯಿಲ್ಲ: 1936ರಲ್ಲಿ ಹಂಗೇರಿಯ ಸಂಗೀತ ರಚನಕಾರ ಬೇಲಾ ಬಾರ್ತೋಕ್‌ ಟರ್ಕಿಯ ರಚನಕಾರ ಅಹ್ಮದ್‌ ಅದ್ನಾನ್‌ ಸಾಯ್ಗುನ್‌ ಜೊತೆ ಅದಾನಾ ಪ್ರಾಂತ್ಯದ ಅಲೆಮಾರಿಗಳ ಹಾಡುಗಳನ್ನು ಮೇಣದ ಸಿಲಿಂಡರ್‌ಗಳಲ್ಲಿ ಮುದ್ರಿಸಿಕೊಂಡಾಗ, ಹಂಗೇರಿಯ ಹಳೆಯ ಮಟ್ಟುಗಳನ್ನು ಹೋಲುವ ಹಾಡುಗಳೇ ಅವರಿಗೆ ಸಿಕ್ಕವು. ಅರ್ಮೇನಿಯನ್‌ ಪಾದ್ರಿ, ಹಾಡುಗಳ ಸಂಗ್ರಾಹಕ ಕೊಮಿತಾಸ್‌ ಹುಟ್ಟಿದ್ದು ಟರ್ಕಿಯ ಕುತಾಹ್ಯಾದಲ್ಲಿ. ಕುರ್ದಿ ಮಟ್ಟುಗಳನ್ನೂ ಸಂಗ್ರಹಿಸಿದ ಅವರು 1915ರಲ್ಲಿ ಬಂಧಿತರಾಗಿ, ಮತ್ತೆ ಚೇತರಿಸಿಕೊಳ್ಳದೆ 1935ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡರು. ‘ಉಸ್ಕುದಾರ್‌’ ಎಂಬ ಜನಪ್ರಿಯ ಹಾಡು ತಮ್ಮದೇ ಎಂದು ತುರ್ಕರು, ಗ್ರೀಕರು, ಬಲ್ಗೇರಿಯನ್ನರು, ಬೋಸ್ನಿಯನ್ನರು ವಾದಿಸುವುದನ್ನು ನಿರ್ದೇಶಕಿ ಅದೇಲಾ ಪೇಯೆವಾ 2003ರಲ್ಲಿ ಸಾಕ್ಷ್ಯಚಿತ್ರವಾಗಿಸಿದರು. ಬಾಲಾಮಾದಲ್ಲಿ ಕೇಳಿದರೆ ಆ ಹಾಡು ಟರ್ಕಿಯದು, ಬುಜುಕಿಯಲ್ಲಿ ಕೇಳಿದರೆ ಗ್ರೀಸಿನದು. ಈ ಜಗಳದಲ್ಲಿ ಯಾರ ಪಕ್ಷವೂ ಅಲ್ಲದ ಎರಡು ವಾದ್ಯಗಳು ನುಡಿಸಿದಾಗ ಮಟ್ಟು ಮಾತ್ರ ಉಳಿಯುತ್ತದೆ.

ಪಕ್ಷವಿಲ್ಲ ಎಂದರೆ ಹೆಸರಿಲ್ಲ ಎಂದಾಗಬಾರದು. ಟರ್ಕಿಯ ಸರ್ಕಾರಿ ಪ್ರಸಾರ ಸಂಸ್ಥೆ ಟಿಆರ್‌ಟಿಯ ಜನಪದ ಸ್ವರಲಿಪಿಯ ಹಾಳೆಗಳಲ್ಲಿ ಹಾಡಿನ ಪ್ರಾಂತ್ಯ, ಯಾರ ಬಾಯಿಂದ ಕೇಳಿದ್ದು, ಯಾರು ಸಂಗ್ರಹಿಸಿದ್ದು, ಯಾರು ಸ್ವರಲಿಪಿ ಬರೆದದ್ದು ಎಲ್ಲವೂ ತಲೆಬರಹದಲ್ಲೇ ನಮೂದಾಗಿರುತ್ತವೆ. ಕೊಳಲು–ಹಾರ್ಪ್‌ ಕಛೇರಿಗಳ ಕಾರ್ಯಕ್ರಮಪಟ್ಟಿಯಲ್ಲಿ ಬರೀ ‘ಜನಪದ ಹಾಡು’ ಎಂದು ಅಚ್ಚು ಹಾಕುವ ಬದಲು ಆ ನಾಲ್ಕು ಸಾಲುಗಳನ್ನೂ ಸೇರಿಸಲಿ.