ಬಾಟಲಿಯೊಳಗೆ ಬಂದ ಹುಲಿ

ಡೊಂಬಿವಲಿ ಪೂರ್ವದಿಂದ ಓದುಗರೊಬ್ಬರು ಕೇಳಿದ್ದಾರೆ: “ನಮ್ಮ ಅಕ್ವೇರಿಯಂನಲ್ಲಿ ಮೂರು ಟೈಗರ್ ಬಾರ್ಬ್ ಇವೆ. ಏಂಜಲ್ ಮೀನಿನ ಉದ್ದನೆಯ ರೆಕ್ಕೆಗಳನ್ನು ಕಚ್ಚಿ ಕಚ್ಚಿ ಚಿಂದಿ ಮಾಡಿವೆ. ತೆಗೆದುಬಿಡೋಣವೆಂದು ಜಾಲರಿ ಇಳಿಸಿದರೆ ಗಿಡದ ಹಿಂದೆ ಮಾಯ. ಮೀನಿನ ನೆನಪು ಮೂರೇ ಸೆಕೆಂಡು ಎನ್ನುತ್ತಾರಲ್ಲ, ಹಾಗಾದರೆ ನಿನ್ನೆಯ ಜಾಲರಿ ಇವಕ್ಕೆ ಇವತ್ತೂ ಹೇಗೆ ನೆನಪಿರುತ್ತದೆ?”

ಪುಣ್ಯಾತ್ಮರೇ, ನೀವು ಕಣ್ಣಾರೆ ಕಂಡದ್ದನ್ನು ಬಿಟ್ಟು ಯಾರೋ ಹೇಳಿದ್ದನ್ನು ಏಕೆ ನಂಬುತ್ತೀರಿ? ಮೂರು ಸೆಕೆಂಡಿನ ನೆನಪು ಎನ್ನುವುದು ಶುದ್ಧ ಕಟ್ಟುಕಥೆ. ಆಸ್ಟ್ರೇಲಿಯಾದ ಕುಲಂ ಬ್ರೌನ್ ಎಂಬ ವಿಜ್ಞಾನಿ ಇದಕ್ಕೆ ಸೊಗಸಾದ ಉತ್ತರ ಕೊಟ್ಟಿದ್ದಾರೆ. ಅವರು ಕಾಮನಬಿಲ್ಲು ಮೀನುಗಳಿದ್ದ ತೊಟ್ಟಿಯಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಬಲೆ ಎಳೆದರು. ಬಲೆಯ ನಡುವೆ ಒಂದು ತೂತು ಇತ್ತು, ತಪ್ಪಿಸಿಕೊಳ್ಳಲು ಅದೊಂದೇ ದಾರಿ. ಮೊದಲ ಸಲ ಮೀನುಗಳು ದಿಕ್ಕೆಟ್ಟು ಓಡಿದವು. ಐದನೆಯ ಸಲದ ಹೊತ್ತಿಗೆ ತೂತು ಹುಡುಕಿ ನುಸುಳುವುದು ಅವಕ್ಕೆ ಸಲೀಸಾಯಿತು. ಆಮೇಲೆ ಬಲೆಯ ಸುದ್ದಿಯೇ ಇಲ್ಲ. ಹನ್ನೊಂದು ತಿಂಗಳು ಬಿಟ್ಟು ಅದೇ ಬಲೆ ಎಳೆದಾಗ ಮೀನುಗಳು ತೂತನ್ನು ಮರೆತಿರಲಿಲ್ಲ. 2001ರಲ್ಲಿ ಪ್ರಕಟವಾದ ಕೆಲಸ ಇದು. ಹನ್ನೊಂದು ತಿಂಗಳ ಹಿಂದೆ ಕೊಡೆ ಎಲ್ಲಿಟ್ಟೆನೆಂದು ಕೇಳಿದರೆ ನಾನಂತೂ ಹೇಳಲಾರೆ.

ನೆನಪಿನ ಜೊತೆಗೆ ಮೈಯೂ ಮೀನಿನ ಪರವಾಗಿದೆ. ಮೀನಿನ ಎರಡೂ ಪಕ್ಕಗಳಲ್ಲಿ ಪಾರ್ಶ್ವರೇಖೆ ಎಂಬ ಸೂಕ್ಷ್ಮ ರಂಧ್ರಗಳ ಸಾಲು ಇರುತ್ತದೆ. ನೀರಿನ ಸಣ್ಣ ಅಲುಗಾಟವನ್ನೂ ಅದು ಹಿಡಿಯುತ್ತದೆ. ಜಾಲರಿಯ ತಂತಿ ನೀರನ್ನು ತಳ್ಳಿಕೊಂಡು ಬರುವ ಸುದ್ದಿ ಜಾಲರಿಗಿಂತ ಮೊದಲೇ ಮುಟ್ಟಿರುತ್ತದೆ. ಮಿದುಳಿನ ಹಿಂಭಾಗದ ಮೌತ್ನರ್ ಕೋಶಗಳೆಂಬ ಒಂದು ಜೋಡಿ ದೈತ್ಯ ನರಕೋಶಗಳು ಆಜ್ಞೆ ಕೊಟ್ಟವೆಂದರೆ ಮೈ ಕುಡುಗೋಲಿನಂತೆ ಬಾಗಿ ಚಿಮ್ಮುತ್ತದೆ. ನಾವು ಕಣ್ಣು ಮಿಟುಕಿಸುವುದರೊಳಗೆ ಮೀನು ಬೇರೆ ಮೂಲೆಯಲ್ಲಿ. ಬೆನ್ನಟ್ಟಿ ಹಿಡಿಯುವ ಆಸೆ ಬಿಡಿ. ಅದೇ ಬರುವಂತೆ ಮಾಡಬೇಕು.

ನಮ್ಮ ಮನೆಯ ಎರಡಡಿ ತೊಟ್ಟಿಯಲ್ಲೂ ಇದೇ ರಗಳೆ ನಡೆದಿತ್ತು. ಎರಡು ದಿನ ಜಾಲರಿ ಆಡಿಸಿ, ಗಿಡಗಳನ್ನೆಲ್ಲ ಕಿತ್ತು, ನೀರು ರಾಡಿ ಮಾಡಿದ ಮೇಲೆ ನನಗೆ ಊರಿನ ಕೂಣಿ ನೆನಪಾಯಿತು. ಮುಂಗಾರಿನ ಮೊದಲ ಮಳೆಗೆ ಹತ್ತುಮೀನು ಹೊಳೆಯಿಂದ ಗದ್ದೆಯ ಕಡೆ ಏರುವಾಗ ಮಲೆನಾಡಿನಲ್ಲಿ ಬಿದಿರು ಕಡ್ಡಿ ಹೆಣೆದ ಈ ಬುಟ್ಟಿಯನ್ನು ತೋಡಿಗೆ ಅಡ್ಡ ಇಡುತ್ತಾರೆ. ಹೀಗೆ ಏರುವ ಮೀನಿಗೆ ಇಲ್ಲಿ ಥಾಣೆ, ರಾಯಗಡದ ಹಳ್ಳಿಗಳಲ್ಲಿ ‘ವಲಗಣ್’ ಎನ್ನುತ್ತಾರೆ, ಅದಕ್ಕಾಗಿ ಜನ ರಾತ್ರಿಯೆಲ್ಲ ಎದ್ದಿರುತ್ತಾರೆ. ಕೂಣಿಯ ಬಾಯಿ ಹೊರಗೆ ಅಗಲ, ಒಳಗೆ ಹೋದಂತೆ ಕಿರಿದು.

ಎರಡು ಲೀಟರಿನ ತಂಪುಪಾನೀಯದ ಬಾಟಲಿಯ ಹೆಗಲಿನ ಕೆಳಗೆ ಕತ್ತರಿಸಿ, ಬಿರಡೆ ತೆಗೆದು, ಆ ತಲೆಯನ್ನು ತಿರುಗಿಸಿ ಒಳಕ್ಕೆ ತೂರಿಸಿದರೆ ಕೂಣಿ ಸಿದ್ಧ. ಅಂಟು ಬೇಡ, ನಾಲ್ಕು ಕಡೆ ತೂತು ಮಾಡಿ ದಾರದಿಂದ ಬಿಗಿದರೆ ಸಾಕು. ನೀರಾಡಲು ಮೈತುಂಬ ಕಾದ ಸೂಜಿಯಿಂದ ಚುಚ್ಚಿ. ಮುಳುಗಲು ನಾಲ್ಕು ಬೆಣಚುಕಲ್ಲು ಹಾಕಿ. ಕುತ್ತಿಗೆಯನ್ನು ತುಸು ಕತ್ತರಿಸಿ ಎರಡು ಬೆರಳು ತೂರುವಷ್ಟು ಅಗಲ ಮಾಡಿಕೊಂಡರೆ ಬಾರ್ಬ್ ನುಗ್ಗುತ್ತದೆ, ತಟ್ಟೆಯಂತಿರುವ ದೊಡ್ಡ ಏಂಜಲ್ ನುಗ್ಗಲಾರದು. ಹಿಂದಿನ ದಿನ ತೊಟ್ಟಿಗೆ ಉಪವಾಸ, ಮರುದಿನ ಆಹಾರ ಬಾಟಲಿಯೊಳಗೆ ಮಾತ್ರ.

ಒಳಗೆ ಹೋದದ್ದು ಬಂದ ದಾರಿಯಲ್ಲೇ ಹೊರಬರಬಹುದಲ್ಲ? ಕೂಣಿಯ ಚಮತ್ಕಾರ ಇಲ್ಲೇ ಇದೆ. ಗಾಬರಿಗೊಂಡ ಮೀನು ಗೋಡೆ ಹಿಡಿದು ಸುತ್ತುತ್ತದೆ. ಹೊರಗಿನಿಂದ ಬರುವಾಗ ಆಲಿಕೆಯ ಗೋಡೆಯೇ ಅದನ್ನು ಕಿಂಡಿಗೆ ತಂದು ಬಿಟ್ಟಿರುತ್ತದೆ. ಒಳಗೆ ಮಾತ್ರ ಆ ಕಿಂಡಿ ಯಾವ ಗೋಡೆಯಲ್ಲೂ ಇಲ್ಲ, ನಟ್ಟನಡುವೆ ನೀರಿನಲ್ಲಿ ಚಾಚಿಕೊಂಡಿದೆ. ಮೀನು ಅದರ ಸುತ್ತ ಹತ್ತು ಸಲ ತಿರುಗಿದರೂ ಬಾಯಿ ಸಿಕ್ಕುವುದಿಲ್ಲ. ಪೆದ್ದುತನದಿಂದಲ್ಲ, ತನ್ನ ಕ್ರಮಕ್ಕೆ ನಿಷ್ಠವಾಗಿರುವುದರಿಂದ ಅದು ಸಿಕ್ಕಿಬೀಳುತ್ತದೆ. ಆದರೆ ಅರ್ಧ ದಿನ ಬಿಟ್ಟರೆ ಹೇಗೋ ದಾರಿ ಹುಡುಕಿಬಿಡಬಹುದು. ಆದ್ದರಿಂದ ಬಾಟಲಿ ಇಳಿಸಿ ನಿದ್ದೆಗೆ ಹೋಗಬೇಡಿ, ಎದುರಿಗೇ ಕೂತಿರಿ.

ನಮ್ಮ ಮೂರು ಬಾರ್ಬ್‌ಗಳಲ್ಲಿ ಮೊದಲನೆಯದು ಇಪ್ಪತ್ತು ನಿಮಿಷದಲ್ಲಿ ಬಿತ್ತು. ಪಕ್ಕದ ಮನೆಯ ಹುಡುಗ “ಕಾಕಾ, ಆಲಾ, ಆಲಾ!” ಎಂದು ಕುಣಿದ. ನಾನು ಮಾಡಿದ ತಪ್ಪೆಂದರೆ ಕತ್ತರಿಸಿದ ಅಂಚನ್ನು ಉಜ್ಜಿ ನುಣುಪು ಮಾಡದೆ ಬಿಟ್ಟದ್ದು. ಮೀನಿನ ಪಕ್ಕೆ ತರಚಿ ಎರಡು ಹುರುಪೆ ಎದ್ದವು. ಅಷ್ಟೇ, ಉಳಿದೆರಡು ಆ ದಿನವೆಲ್ಲ ಬಾಟಲಿಯ ಹತ್ತಿರ ಸುಳಿಯಲಿಲ್ಲ.

1938ರಲ್ಲಿ ಕಾರ್ಲ್ ಫಾನ್ ಫ್ರಿಶ್ ಕಂಡದ್ದೂ ಇದನ್ನೇ. ಜೇನುನೊಣದ ಕುಣಿತವನ್ನು ಬಿಡಿಸಿ ಹೇಳಿ 1973ರಲ್ಲಿ ನೊಬೆಲ್ ಪಡೆದರಲ್ಲ, ಅವರೇ. ಗಾಯಗೊಂಡ ಮಿನ್ನೋ ಮೀನೊಂದನ್ನು ಗುಂಪಿಗೆ ಬಿಟ್ಟಾಗ ಉಳಿದವೆಲ್ಲ ಹೆದರಿ ಚದುರಿದವು. ಹರಿದ ಚರ್ಮದಿಂದ ನೀರಿಗೆ ಸೇರುವ ರಾಸಾಯನಿಕವೇ ಅಪಾಯದ ಗಂಟೆ. ಕಾರ್ಪ್ ಬಳಗದ ಮೀನುಗಳಿಗೆಲ್ಲ ಈ ವ್ಯವಸ್ಥೆ ಇದೆ, ಟೈಗರ್ ಬಾರ್ಬ್ ಅದೇ ಬಳಗದ್ದು. ಅಂಚು ಉಜ್ಜಿ, ಅರ್ಧ ನೀರು ಬದಲಿಸಿ, ಎರಡು ದಿನ ತಡೆದ ಮೇಲೆ ಉಳಿದೆರಡೂ ಬಂದವು.

ನಡುವೆ ಹಿತೈಷಿಯೊಬ್ಬರು ಬಂದು, ತೊಟ್ಟಿಯನ್ನು ಈಶಾನ್ಯಕ್ಕೆ ಸರಿಸಿ, ಎಂಟು ಬಂಗಾರದ ಮೀನು ಒಂದು ಕಪ್ಪು ಮೀನು ಇಡಿ, ಜಗಳ ನಿಲ್ಲುತ್ತದೆ ಎಂದರು. ಮೀನು ಸತ್ತರೆ ಮನೆಯ ಕಂಟಕವನ್ನು ಹೊತ್ತುಕೊಂಡು ಹೋಯಿತೆಂದು ಸಂತೋಷಪಡಬೇಕಂತೆ! ಹೊಸ ತೊಟ್ಟಿಯಲ್ಲಿ ಮೀನು ಸಾಯುವುದು ಸಾಮಾನ್ಯವಾಗಿ ನಲ್ಲಿನೀರಿನ ಕ್ಲೋರಿನ್‌ನಿಂದ, ಇಲ್ಲವೇ ತಮ್ಮದೇ ತ್ಯಾಜ್ಯದ ಅಮೋನಿಯಾದಿಂದ. ಕಂಟಕ ನಾವೇ.

ಈ ಜಗಳದಲ್ಲೂ ತಪ್ಪು ನಮ್ಮದೇ. ಟೈಗರ್ ಬಾರ್ಬ್ ಸುಮಾತ್ರಾ, ಬೋರ್ನಿಯೋ ಕಡೆಯದು, ಏಂಜಲ್ ಅಮೆಜಾನ್ ಸೀಮೆಯದು. ಹುಟ್ಟಿದಾಗಿನಿಂದ ಮುಖ ನೋಡದ ಎರಡು ಜಾತಿಗಳನ್ನು ಡೊಂಬಿವಲಿಯ ಎರಡಡಿ ಗಾಜಿನಲ್ಲಿ ಕೂಡಿಹಾಕಿದವರು ನಾವು. ಬಾರ್ಬ್ ಗುಂಪಿನ ಮೀನು. ಆರೆಂಟು ಇದ್ದರೆ ಅವು ತಮ್ಮತಮ್ಮಲ್ಲೇ ಅಟ್ಟಾಡಿಸಿಕೊಂಡು ದಣಿಯುತ್ತವೆ. ಎರಡು ಮೂರು ಇದ್ದರೆ ಆ ಉತ್ಸಾಹವೆಲ್ಲ ನಿಧಾನವಾಗಿ ತೇಲುವ ಏಂಜಲ್‌ನ ರೆಕ್ಕೆಯ ಮೇಲೆ.

ಹಿಡಿದ ಮೂರನ್ನೂ ನೀರು ತುಂಬಿದ ಚೀಲದಲ್ಲಿ ಹಾಕಿಕೊಂಡು, ಥಾಣೆಯಲ್ಲಿ ಇಳಿದು ವಾಶಿ ಲೋಕಲ್ ಹತ್ತಿ, ದೊಡ್ಡ ತೊಟ್ಟಿಯಲ್ಲಿ ಒಂದು ಡಜನ್ ಬಾರ್ಬ್ ಸಾಕಿರುವ ಗೆಳೆಯರಿಗೆ ಒಪ್ಪಿಸಿ ಬಂದೆ. ನಿಮಗೆ ಅಂಥವರು ಸಿಗದಿದ್ದರೆ ಅಂಗಡಿಗೇ ಮರಳಿಸಿ. ಆದರೆ ಪುಣ್ಯ ಬರುತ್ತದೆಂದು ಥಾಣೆಯ ಮಾಸುಂದಾ ಕೆರೆಗೋ ಕಲ್ಯಾಣದ ಕಾಳಾ ತಲಾವಿಗೋ ಬಿಡಬೇಡಿ. 1952ರಲ್ಲಿ ಭಾರತಕ್ಕೆ ತಂದ ತಿಲಾಪಿಯಾ ಇವತ್ತು ಎಷ್ಟು ಕೆರೆಗಳಲ್ಲಿ ನಾಡಮೀನುಗಳನ್ನು ಮೂಲೆಗೊತ್ತಿದೆ ಎಂಬುದನ್ನು ಯಾವ ಮೀನುಗಾರರನ್ನು ಕೇಳಿದರೂ ಹೇಳುತ್ತಾರೆ.

ನಮ್ಮ ಏಂಜಲ್‌ನ ರೆಕ್ಕೆಗಳು ಒಂದೂವರೆ ತಿಂಗಳಲ್ಲಿ ಮತ್ತೆ ಬೆಳೆದವು. ಎಡಗಡೆಯದೊಂದು ಮಾತ್ರ ತುಸು ಡೊಂಕಾಗಿದೆ.