ಮೂತಿ ಎತ್ತುವ ಮುನ್ನ

ಕೆಂಗೇರಿ ದಾಟಿದ ಮೇಲೆ ಮೈಸೂರು ರಸ್ತೆಯ ಬದಿಯಲ್ಲಿ ತಗಡಿನ ಮಾಡಿನ ಗ್ಯಾರೇಜು. ಅಂಗಳದಲ್ಲಿ ಬಿಳಿ ಹೈಲಕ್ಸ್ ಪಿಕಪ್ ನಿಂತಿದೆ. ಮೂಡಿಗೆರೆ ಕಡೆಯ ಕಾಫಿ ತೋಟದಿಂದ ಬೆಳಗಿನ ಜಾವ ಹೊರಟು ಬಂದ ಗಾಡಿ. ಚಕ್ರದ ಮೇಲಿನ ಕಮಾನಿನೊಳಗೆ ಕೆಂಪು ಕೆಸರು ಒಣಗಿ ಚಕ್ಕೆ ಎದ್ದಿದೆ, ಮುಂದಿನ ಬಂಪರಿನ ಕೆಳಅಂಚು ಕಲ್ಲಿಗೆ ಉಜ್ಜಿ ಬಣ್ಣ ಕಳೆದುಕೊಂಡಿದೆ. ಪಕ್ಕದಿಂದ ನೋಡಿದರೆ ಮೂತಿ ತಗ್ಗು, ಹಿಂಭಾಗ ಏರು.

2022ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಹೈಲಕ್ಸ್ ಜೋಡಣೆಯಾಗುವುದು ಇದೇ ರಸ್ತೆಯಲ್ಲಿ ಮುಂದಿರುವ ಬಿಡದಿಯಲ್ಲಿ. ಅದರ ಈ ಓರೆ ನಿಲುವು ಕಾರ್ಖಾನೆಯವರು ಬೇಕೆಂದೇ ಕೊಟ್ಟದ್ದು. ಪಿಕಪ್ ಹುಟ್ಟಿರುವುದೇ ಹೊರೆಗೆ. ಮೂಟೆ ಬೆನ್ನಿಗೆ ಬೀಳುವ ಮೊದಲೇ ಹಮಾಲಿ ಮುಂದಕ್ಕೆ ಬಾಗಿ ನಿಲ್ಲುವ ಹಾಗೆ ಅದು ನಿಂತಿರುತ್ತದೆ. ತೊಟ್ಟಿ ತುಂಬಿದಾಗ ಹಿಂದಿನ ಕಮಾನ್ ಪಟ್ಟಿಗಳು ಕುಗ್ಗಿ ಗಾಡಿ ಸಮಕ್ಕೆ ಬರುತ್ತದೆ. ಖಾಲಿ ಇದ್ದಾಗ ಮಾತ್ರ ಮೂತಿ ನೆಲ ನೋಡುತ್ತದೆ.

"ಭಾಯ್, ಮುಂದೆ ಎರಡು ಇಂಚು ಎತ್ತಿಕೊಡಿ. ತೋಟದ ಮೋರಿ ಹತ್ತಿರ ಬಂಪರ್ ತಾಗುತ್ತೆ," ಎಂದರು ಮಾಲೀಕರು.

"ಎತ್ತೋದು ಅರ್ಧ ದಿನದ ಕೆಲಸ ಸಾರ್. ಎತ್ತಿದ ಮೇಲೆ ಗಾಡಿ ನೆಟ್ಟಗೆ ಓಡಬೇಕಲ್ಲ, ಅದೇ ದೊಡ್ಡ ಕೆಲಸ," ಎಂದ ಮೇಸ್ತ್ರಿ, "ಹಿಂದೆ ಏನು ಹಾಕ್ತೀರಿ?" ಎಂದು ಕೇಳಿದರು.

"ಗೊಬ್ಬರ, ಡೀಸೆಲ್ ಕ್ಯಾನು. ಕೊಯ್ಲಿನಲ್ಲಿ ಕಾಫಿ ಮೂಟೆ."

"ಹಾಗಾದ್ರೆ ಪೂರ್ತಿ ಸಮ ಮಾಡೋದು ಬೇಡ. ಹಿಂದೆ ಒಂದು ಬೆರಳು ಏರು ಇರಲಿ. ಇಲ್ಲಾಂದ್ರೆ ಮೂಟೆ ಹಾಕಿದ ದಿನ ಹಿಂದೆ ಕೂತ್ಕೊಂಡು ಮೂತಿ ಆಕಾಶ ನೋಡುತ್ತೆ."

ಅಳತೆ ಶುರುವಾಯಿತು. ಮೇಸ್ತ್ರಿ ಟೇಪನ್ನು ನೆಲದಿಂದ ಹಿಡಿಯಲಿಲ್ಲ. ಟೈರಿನ ಗಾಳಿ ಕಡಿಮೆಯಾದರೆ ಆ ಲೆಕ್ಕ ತಪ್ಪುತ್ತದೆ. ಚಕ್ರದ ನಡುಬಿಂದುವಿನಿಂದ ನೇರ ಮೇಲಕ್ಕೆ, ಕಮಾನಿನ ಅಂಚಿನವರೆಗೆ ಹಿಡಿದರು. ಮುಂದೆ 48 ಸೆಂಟಿಮೀಟರ್, ಹಿಂದೆ 53. ಸೀಮೆಸುಣ್ಣದಲ್ಲಿ ಎರಡೂ ಅಂಕಿಯನ್ನು ಬಾಗಿಲ ಮೇಲೆ ಬರೆದು, ಮುಂದಿನದರ ಪಕ್ಕ 52 ಎಂದು ಗುರುತು ಹಾಕಿದರು.

ಬೆಂಚಿನ ಮೇಲೆ ಎರಡು ದಾರಿಗಳು ಸಿದ್ಧವಿದ್ದವು. ಒಂದು, ಶಾಕ್ ಅಬ್ಸಾರ್ಬರಿನ ತಲೆಯ ಮೇಲೆ ಕೂರಿಸುವ ಅಲ್ಯೂಮಿನಿಯಂ ಸ್ಪೇಸರ್. ಶಾಕ್ ನಿಂತಿರುವುದು ಚಾಸಿಯನ್ನು ಚಕ್ರಕ್ಕೆ ಸೇರಿಸುವ ಕೆಳಗಿನ ತೋಳಿನ ನಡುವೆಲ್ಲೋ, ಚಕ್ರ ಇರುವುದು ಅದರ ತುದಿಯಲ್ಲಿ. ಹಾಗಾಗಿ ಮೇಲೆ ಅರ್ಧ ಇಂಚಿನ ಬಿಲ್ಲೆ ಇಟ್ಟರೆ ಗಾಡಿ ಹತ್ತಿರಹತ್ತಿರ ಒಂದಿಂಚು ಏಳುತ್ತದೆ. ಅಗ್ಗ, ಬೇಗ. ಆದರೆ ಶಾಕಿನ ಉದ್ದವೇ ಹೆಚ್ಚಾದಂತಾಗಿ ಚಕ್ರ ಹಳ್ಳಕ್ಕೆ ಇಳಿದಾಗ ತೋಳು ಮೊದಲಿಗಿಂತ ಕೆಳಗೆ ಜೋತುಬಿದ್ದು ಬಾಲ್ ಜಾಯಿಂಟನ್ನು ಅದರ ಮಿತಿಗೆ ಎಳೆಯುತ್ತದೆ.

ಇನ್ನೊಂದು, ಹೊಸ ಸ್ಪ್ರಿಂಗ್ ಮತ್ತು ಅದಕ್ಕೆ ಹೊಂದುವ ಶಾಕ್. ಮೇಸ್ತ್ರಿ ಆರಿಸಿದ್ದು ಇದನ್ನು. ಇಲ್ಲಿಯೂ ಕೊಡುವುದಿದೆ, ಕಳೆಯುವುದಿದೆ. ಚಕ್ರ ಮೇಲೆ ಕೆಳಗೆ ಆಡುವ ಒಟ್ಟು ಓಟ ಅಷ್ಟೇ ಉಳಿದು, ಗಾಡಿ ಅದರ ನಡುವೆ ನಿಲ್ಲುವ ಜಾಗ ಮಾತ್ರ ಬದಲಾಗುತ್ತದೆ. ಮೇಲಕ್ಕೆ ನಾಲ್ಕು ಬೆರಳು ಗಳಿಸಿದರೆ ಕೆಳಗೆ ನಾಲ್ಕು ಬೆರಳು ಹೋಯಿತು. ಅತಿಯಾಗಿ ಎತ್ತಿದ ಗಾಡಿಗಳು ಗುಂಡಿಯಲ್ಲಿ ಚಕ್ರ ಇಳಿಸಲಾರದೆ 'ಟಕ್' ಎಂದು ಸದ್ದು ಮಾಡುವುದು ಇದಕ್ಕೇ. ನೆಲ ಬಿಟ್ಟ ಚಕ್ರಕ್ಕೆ ಹಿಡಿತವಿಲ್ಲ. ಕೆಸರಿನಲ್ಲಿ ಗಾಡಿಯನ್ನು ದಾಟಿಸುವುದು ಆ ಹಿಡಿತವೇ.

ಚಾಸಿಯ ಕೆಳಗೆ ಸ್ಟ್ಯಾಂಡ್ ಕೊಟ್ಟು ಚಕ್ರ ಬಿಚ್ಚಿದ ಮೇಲೆ ಒಳಗಿನ ಸಂಸಾರ ಕಣ್ಣಿಗೆ ಬಿತ್ತು. ಹಿಂದಿನ ಆಕ್ಸಲ್ ಒಂದೇ ಗಟ್ಟಿ ತುಂಡು. ಅಲ್ಲಿ ಪಟ್ಟಿ ಏರಿಸಿದರೂ ಅದರ ನಡುವಿನ ಡಿಫರೆನ್ಷಿಯಲ್ ಗುಂಡು ನೆಲದಿಂದ ಮೇಲೇಳದು, ಅದಕ್ಕೆ ಟೈರೇ ದೊಡ್ಡದಾಗಬೇಕು. ಮುಂದೆ ಹಾಗಲ್ಲ. ಡಿಫರೆನ್ಷಿಯಲ್ ಚಾಸಿಗೆ ಕಟ್ಟಿಕೊಂಡಿದೆ, ಚಾಸಿ ಎದ್ದರೆ ಅದೂ ಏಳುತ್ತದೆ. ಚಕ್ರ ಇದ್ದಲ್ಲೇ ಇರುತ್ತದೆ. ಇವೆರಡನ್ನೂ ಸೇರಿಸುವ ಡ್ರೈವ್ ಶಾಫ್ಟು ಓರೆಯಾಗುತ್ತದೆ. ಮೇಸ್ತ್ರಿ ಅದರ ತುದಿಯ ರಬ್ಬರ್ ಬೂಟನ್ನು ಹೆಬ್ಬೆರಳಿನಿಂದ ಬಿಡಿಸಿ ತೋರಿಸಿದರು. ಕಪ್ಪು ಮಡಿಕೆಗಳ ನಡುವೆ ಸಮನಾದ ಸಂದು. ಓರೆ ಹೆಚ್ಚಾದರೆ ಮಡಿಕೆಗಳು ಒಂದಕ್ಕೊಂದು ತಾಗಿ ಉಜ್ಜುತ್ತವೆ. ಉಜ್ಜಿದ ಕಡೆ ಹರಿಯುತ್ತದೆ, ಹರಿದಲ್ಲಿ ಗ್ರೀಸ್ ಹೊರಗೆ ಸಿಡಿದು ಮರಳು ಒಳಗೆ ಸೇರುತ್ತದೆ. ಎರಡು ಇಂಚಿನ ಒಳಗೇ ಕೈ ಬಿಗಿಹಿಡಿಯಬೇಕೆನ್ನುವುದು ಈ ಕಾರಣಕ್ಕೆ.

ಹಳೆಯ ಸ್ಪ್ರಿಂಗನ್ನು ಬಿಡಿಸುವಾಗ ಗ್ಯಾರೇಜಿನ ಮಾತು ನಿಂತಿತು. ಕಂಪ್ರೆಸರ್‌ನಲ್ಲಿ ಅದುಮಿಟ್ಟ ಸ್ಪ್ರಿಂಗಿನೊಳಗೆ ನೂರಾರು ಕಿಲೋ ಬಲ ಕಾದಿರುತ್ತದೆ. ಜಾರಿದರೆ ಆಳನ್ನು ಕೊಲ್ಲಬಲ್ಲದು. ಕೈಕೆಳಗಿನ ಹುಡುಗನನ್ನು ಪಕ್ಕಕ್ಕೆ ಸರಿಸಿ, ಮೇಲಿನ ನಟ್ಟನ್ನು ಮೇಸ್ತ್ರಿ ತಾವೇ ತಿರುಗಿಸಿದರು.

ಹೊಸದು ಕೂತಿತು. ಹುಡುಗ ಕೆಳತೋಳಿನ ಬೋಲ್ಟಿಗೆ ಉದ್ದ ಪಾನಾ ಹಾಕಿದ.

"ಲೇ, ತಡಿ. ಗಾಡಿ ಇನ್ನೂ ಗಾಳೀಲಿ ಐತೆ."

ಚಕ್ರ ಜೋತುಬಿದ್ದಾಗ ಬಿಗಿದರೆ ತೋಳಿನ ಬುಡದ ರಬ್ಬರ್ ಬುಷ್ ಅದೇ ಭಂಗಿಯಲ್ಲಿ ಸಿಕ್ಕಿಬೀಳುತ್ತದೆ. ನೆಲಕ್ಕಿಳಿದಾಗ ಆ ರಬ್ಬರ್ ಹಗಲೂ ರಾತ್ರಿ ತಿರುಚಿಕೊಂಡೇ ಇದ್ದು ಬೇಗನೆ ಸೀಳುತ್ತದೆ. ಬೋಲ್ಟನ್ನು ಕೈಬಿಗಿಗೆ ಬಿಟ್ಟು, ಚಕ್ರ ಹಾಕಿ, ಇಳಿಸಿ, ಗಾಡಿಯನ್ನು ನಾಲ್ಕು ಮಾರು ಹಿಂದೆ ಮುಂದೆ ನೂಕಿ, ಬಂಪರಿನ ಮೇಲೆ ಇಬ್ಬರು ಹತ್ತಿ ಕುಪ್ಪಳಿಸಿದರು. ಸ್ಪ್ರಿಂಗ್ ತನ್ನ ಜಾಗ ಹಿಡಿದ ಮೇಲೆ ಟಾರ್ಕ್ ವ್ರೆಂಚ್ ಬಂತು. ಟೇಪು 52 ತೋರಿಸಿತು. ನನ್ನ ಮಟ್ಟಿಗೆ ಇಡೀ ದಿನದಲ್ಲಿ ಅತ್ಯಂತ ನುರಿತ ಕೆಲಸ ಎಂದರೆ ಆ ಕಾದ ಹತ್ತು ನಿಮಿಷ.

ಮಧ್ಯಾಹ್ನ ಅಲೈನ್‌ಮೆಂಟ್. ಮೂತಿ ಎದ್ದರೆ ಚಕ್ರದ ಓರೆಗಳೆಲ್ಲ ಬದಲಾಗುತ್ತವೆ. ಟೋ, ಅಂದರೆ ಚಕ್ರಗಳ ಮುಂಬದಿ ಒಳಗೋ ಹೊರಗೋ ತಿರುಗಿರುವ ಕೋನ, ತಪ್ಪಿದರೆ ಟೈರ್ ಸವೆಯುತ್ತದೆ. ಸ್ಟೀರಿಂಗ್ ಅಕ್ಷ ಹಿಂದಕ್ಕೆ ವಾಲಿರುವ ಕೋನವಾದ ಕ್ಯಾಸ್ಟರ್ ಕಡಿಮೆಯಾದರೆ ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುವುದಿಲ್ಲ, ಹೆದ್ದಾರಿಯಲ್ಲಿ ಗಾಡಿ ಅತ್ತಿತ್ತ ಅಲೆಯುತ್ತದೆ. ಕೆಳತೋಳಿನ ಕ್ಯಾಮ್ ಬೋಲ್ಟುಗಳನ್ನು ಗೆರೆ ಗೆರೆಯಾಗಿ ತಿರುಗಿಸುತ್ತ ಪರದೆಯ ಅಂಕಿಗಳನ್ನು ಮಿತಿಯೊಳಗೆ ತಂದರು. ಇನ್ನೂ ಎತ್ತಿದ್ದರೆ ಈ ಬೋಲ್ಟುಗಳ ಓಟ ಸಾಲದೆ ಮೇಲಿನ ತೋಳನ್ನೇ ಬದಲಿಸಬೇಕಾಗುತ್ತಿತ್ತು.

ಕಾನೂನನ್ನೂ ಇಲ್ಲೇ ಹೇಳಬೇಕು. ತಯಾರಕರು ಕೊಟ್ಟು ನೋಂದಣಿ ಪತ್ರದಲ್ಲಿ ದಾಖಲಾದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸಬಾರದು ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬಿಗಿಯಾಗಿ ಎತ್ತಿಹಿಡಿಯಿತು. ಆರ್‌ಟಿಒ ಕಚೇರಿಯಲ್ಲೂ ವಿಮೆಯವರಲ್ಲೂ ವಿಚಾರಿಸಿ, ಲಿಖಿತವಾಗಿ ಪಡೆದುಕೊಂಡೇ ಇಂಥ ಕೆಲಸಕ್ಕೆ ಇಳಿಯುವುದು ಕ್ಷೇಮ.

ಕತ್ತಲಾದ ಮೇಲೆ ಗಾಡಿಯನ್ನು ಕಾಂಪೌಂಡಿನ ಗೋಡೆಗೆ ಎದುರಾಗಿ ನಿಲ್ಲಿಸಿದರು. ಮೂತಿಯ ಜೊತೆಗೆ ಹೆಡ್‌ಲೈಟೂ ಎದ್ದಿದೆ. ತೊಟ್ಟಿಗೆ ಮರಳಿನ ಚೀಲ ಹೇರಿ, ಬೆಳಕಿನ ಅಂಚು ಗೋಡೆಯ ಗುರುತಿಗಿಂತ ಕೆಳಗೆ ಬರುವ ತನಕ ಸ್ಕ್ರೂ ತಿರುಗಿಸಿದರು. "ಸಾವಿರ ಕಿಲೋಮೀಟರ್ ಆದ ಮೇಲೆ ಬನ್ನಿ ಸಾರ್. ಸ್ಪ್ರಿಂಗ್ ಸ್ವಲ್ಪ ಕೂತಿರುತ್ತೆ, ಮತ್ತೆ ಅಳೆದು ಬಿಗಿ ನೋಡೋಣ."

ತೋಟದ ಮೋರಿಯನ್ನು ಆ ಗಾಡಿ ಇನ್ನು ತಾಗದೆ ದಾಟುತ್ತದೆ. ಅದಕ್ಕೆ ನಾಲ್ಕು ಸೆಂಟಿಮೀಟರ್ ಸಾಕು. ಆದರೆ ಮಳೆಗಾಲದಲ್ಲಿ ಚಾರ್ಮಾಡಿ ಘಾಟಿಯ ಮಂಜಿನಲ್ಲಿ ಎದುರಿಗೆ ಬರುವ ಬೈಕಿನವನಿಗೆ ಈ ಗಾಡಿ ಎಷ್ಟು ಎತ್ತರ ಎಂಬುದು ಬೇಕಿಲ್ಲ. ಅದು ತನ್ನ ಗೆರೆಯಲ್ಲಿ ಬರಬೇಕು, ಅದರ ಬೆಳಕು ಕಣ್ಣು ಕುಕ್ಕಬಾರದು, ಬ್ರೇಕು ಹಾಕಿದಾಗ ನಾಲ್ಕೂ ಚಕ್ರ ನೆಲ ಕಚ್ಚಬೇಕು. ಎತ್ತಿದ ಕೆಲಸವನ್ನು ಅಳೆಯಬೇಕಾದ ಜಾಗ ಆ ರಸ್ತೆಯೇ.